ಯಾರೂ ನೋಡದ ಅಂಗಿಗೆ 449 ರೂಪಾಯಿ ಕೊಡಬೇಕಾ?

2006ರ ಏಪ್ರಿಲ್‌ನಲ್ಲಿ ಬೆಥೆಸ್ಡಾ ಎಂಬ ಅಮೆರಿಕದ ಕಂಪನಿ ಕುದುರೆಗೆ ತೊಡಿಸುವ ಕವಚವೊಂದನ್ನು ಮಾರಾಟಕ್ಕಿಟ್ಟಿತು. ಕುದುರೆ ನಿಜವಾದದ್ದಲ್ಲ, ‘ಆಬ್ಲಿವಿಯನ್’ ಅನ್ನೋ ವಿಡಿಯೊ ಗೇಮ್ ಒಳಗಿನದು. ಬೆಲೆ ಎರಡೂವರೆ ಡಾಲರ್. ಅದು ಒಬ್ಬರೇ ಕೂತು ಆಡುವ ಆಟ. ಕವಚ ತೊಟ್ಟ ಕುದುರೆ ನೋಡಿ ‘ಅಬ್ಬಾ’ ಅನ್ನೋಕೆ ಇನ್ನೊಬ್ಬ ಆಟಗಾರ ಅಲ್ಲಿ ಇರೋದೇ ಇಲ್ಲ. ಜನ ನಕ್ಕರು, ರೇಗಿದರು, ಆದರೂ ಕೊಂಡರು. 2009ರ ಏಪ್ರಿಲ್ 1ರಂದು ಕಂಪನಿ ತನ್ನನ್ನೇ ತಮಾಷೆ ಮಾಡಿಕೊಂಡು, ಆಟದ ಉಳಿದ ಸಾಮಾನಿಗೆಲ್ಲ ರಿಯಾಯಿತಿ ಕೊಟ್ಟು ಈ ಕವಚದ ಬೆಲೆಯನ್ನು ಮಾತ್ರ ಎರಡು ಪಟ್ಟು ಮಾಡಿತ್ತು. 2025ರ ಏಪ್ರಿಲ್‌ನಲ್ಲಿ ಅದೇ ಆಟ ಹೊಸ ರೂಪದಲ್ಲಿ ಬಂದಾಗ, ಹೆಚ್ಚು ಬೆಲೆಯ ಡಿಲಕ್ಸ್ ಆವೃತ್ತಿಯಲ್ಲಿ ಮತ್ತೆ ಹೊಸ ಕುದುರೆ ಕವಚಗಳು ಇದ್ದವು! ಇಪ್ಪತ್ತು ವರ್ಷ ನಕ್ಕರೂ ವ್ಯಾಪಾರ ನಿಂತಿಲ್ಲ.

ಗೇಮ್ ಆಡುವವರಿಗೆ ಇದು ಹಳೇ ಜೋಕ್. ಆದರೆ ಜೆ.ಪಿ. ನಗರದ ನಮ್ಮ ಮನೆಯಲ್ಲಿ ಇದು ಎರಡು ವಾರ ಮಾತು ಬಿಡಿಸಿದ ವಿಷಯ. ಅದಕ್ಕೇ ಕೂತು ಲೆಕ್ಕ ಹಾಕಿದೆ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಪ್ರಶ್ನೆ ಎದ್ದಿದ್ದರೆ ಉಪಯೋಗಕ್ಕೆ ಬಂದೀತು.

ಪ್ರಶ್ನೆ ಬಂದಿದ್ದು ಹೀಗೆ

ಮನೆಯಲ್ಲಿ ನಾವು ಮೂವರು. ಅಮ್ಮನಿಗೆ ಪಿಂಚಣಿ ಬರುತ್ತೆ. ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡ್ತೀನಿ. ತಮ್ಮನ ಮೊದಲ ಕೆಲಸ ಹೋಗಿ ಏಳು ತಿಂಗಳಾಯಿತು. ಅವನಿದ್ದ ತಂಡವನ್ನೇ ಮುಚ್ಚಿದರು. ಹಗಲು ಹೊತ್ತು ಅರ್ಜಿ, ಇಂಟರ್‌ವ್ಯೂ, ಕೋರ್ಸು. ರಾತ್ರಿ ಊಟ ಆದಮೇಲೆ ಒಂದೂವರೆ ಗಂಟೆ ಲ್ಯಾಪ್‌ಟಾಪಿನಲ್ಲಿ ಒಂದು ಕುದುರೆ ಸವಾರಿಯ ಕಥೆ ಇರೋ ಆಟ ಆಡ್ತಾನೆ. ಸೇಲ್‌ನಲ್ಲಿ ಕೊಂಡದ್ದು, ಕೆಲಸ ಇದ್ದಾಗ, ಅವನದೇ ದುಡ್ಡಿನಲ್ಲಿ.

ಆ ಆಟದ ಅಂಗಡಿಯಲ್ಲಿ ನಾಯಕನಿಗೆ ಒಂದು ಉಡುಪು, ಕುದುರೆಗೆ ಒಂದು ಜೀನು, ಎರಡೂ ಸೇರಿ 449 ರೂಪಾಯಿ. ‘ಅಕ್ಕ, ಒಂದು 449 ಹಾಕ್ತೀಯಾ? ಕೆಲಸ ಸಿಕ್ಕಮೇಲೆ ಕೊಡ್ತೀನಿ’ ಅಂದ. ನಾನು ಬಾಯಿ ತೆರೆಯೋ ಮೊದಲೇ ಅಡುಗೆಮನೆಯಿಂದ ಅಮ್ಮನ ಮಾತು ಬಂತು: ‘ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು! ಅದೂ ಯಾರೂ ನೋಡದ ಜುಟ್ಟಿಗೆ ಕಣೋ!’

ಅವನು ಏನೂ ಹೇಳಲಿಲ್ಲ, ಎದ್ದು ರೂಮಿಗೆ ಹೋದ. ಆಮೇಲೆ ಕೇಳಲೂ ಇಲ್ಲ. 449 ರೂಪಾಯಿ ಇರಲಿ, ಎರಡು ವಾರ ಏನನ್ನೂ ಕೇಳಲಿಲ್ಲ. ಕ್ಷೌರಕ್ಕೆ ದುಡ್ಡು ಕೇಳೋಕೂ ಹಿಂಜರಿದ.

ನನ್ನನ್ನು ಕಾಡಿದ್ದು ಅದೇ. ಕೆಲಸ ಇದ್ದಾಗ ಇದೇ 449 ರೂಪಾಯಿ ಖರ್ಚಾಗಿದ್ದರೆ ಯಾರೂ ಮಾತೇ ಆಡ್ತಿರಲಿಲ್ಲ. ಸಂಬಳ ಇಲ್ಲದವನಿಗೆ ಸಣ್ಣ ಸುಖದ ಹಕ್ಕೂ ಇಲ್ಲವಾ? ಹಾಗಂತ ಕೇಳಿದ್ದೆಲ್ಲ ಕೊಡಿಸಿದರೆ ಅದು ಪ್ರೀತಿಯಾ, ಕನಿಕರವಾ?

ಮೊದಲು ಅಮ್ಮನ ಭಯ

ಅಮ್ಮನ ಸಿಟ್ಟಿನ ಅಡಿಯಲ್ಲಿ ಒಂದು ಭಯ ಇತ್ತು. ‘ಆನ್‌ಲೈನ್ ಗೇಮ್ ಎಲ್ಲಾ ಸರ್ಕಾರ ನಿಷೇಧ ಮಾಡಿದೆ ಅಂತ ಪೇಪರ್‌ನಲ್ಲಿ ಬಂದಿತ್ತಲ್ಲ, ಇದೂ ಅದೇನಾ?’ ಅಂತ ಮರುದಿನ ನನ್ನ ಹತ್ತಿರ ಮೆಲ್ಲಗೆ ಕೇಳಿದರು.

ಅದಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ನಿಷೇಧಿಸಿದ್ದು ಹಣ ಕಟ್ಟಿ ಹಣ ಗೆಲ್ಲುವ ಆಸೆಯ ಆಟಗಳನ್ನು. ರಮ್ಮಿ, ಪೋಕರ್, ದುಡ್ಡು ಹಾಕುವ ಫ್ಯಾಂಟಸಿ ಕ್ರಿಕೆಟ್ ಥರದವು. ಒಬ್ಬರೇ ಆಡುವ ಕಥೆಯ ಆಟದಲ್ಲಿ ಉಡುಪು ಕೊಂಡರೆ ಗೆಲ್ಲೋದೂ ಇಲ್ಲ, ಸೋಲೋದೂ ಇಲ್ಲ. ಅಂಗಡಿಯಲ್ಲಿ ಅಂಗಿ ಕೊಂಡ ಹಾಗೆ. ದುಡ್ಡು ಹೋಯಿತು, ವಸ್ತು ಬಂತು.

ಒಂದೇ ಒಂದು ಎಚ್ಚರ. ಏನು ಸಿಗುತ್ತೆ ಅಂತ ಮೊದಲೇ ತೋರಿಸದೆ, ‘ಪೆಟ್ಟಿಗೆ ತೆರೆ, ಅದೃಷ್ಟ ನೋಡು’ ಅನ್ನೋ ಮಾರಾಟವೂ ಕೆಲವು ಆಟಗಳಲ್ಲಿ ಇದೆ. ಅದಕ್ಕೆ ಲೂಟ್ ಬಾಕ್ಸ್ ಅಂತಾರೆ. ಅದರ ಸ್ವಭಾವ ಜೂಜಿಗೆ ಹತ್ತಿರ. ಈ ಬರಹ ಅದರ ಬಗ್ಗೆ ಅಲ್ಲ. ಅದಕ್ಕೆ ಬೆಲೆ ಎಷ್ಟೇ ಇರಲಿ, ದೂರ ಇರಿ ಅನ್ನೋದಷ್ಟೇ ನನ್ನ ಮಾತು.

ನೋಟ ಪರರಿಚ್ಛೆ, ಆದರೆ ಪರರೇ ಇಲ್ಲದಿದ್ದರೆ?

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಅಂತ ಗಾದೆ. ನಾಲ್ಕು ಜನರ ಜೊತೆ ಆಡುವ ಆಟದಲ್ಲಿ ಉಡುಪು ಕೊಳ್ಳುವುದಕ್ಕೆ ಈ ಗಾದೆ ಸರಿಯಾಗಿ ಹೊಂದುತ್ತೆ. ಅಲ್ಲಿ ಹೊಸ ಸ್ಕಿನ್ ಹಾಕಿದರೆ ಗೆಳೆಯರು ನೋಡ್ತಾರೆ. ಮದುವೆ ಮನೆಗೆ ಹೊಸ ಸೀರೆ ಉಟ್ಟು ಹೋದ ಹಾಗೆ.

ಒಬ್ಬರೇ ಆಡುವ ಆಟದಲ್ಲಿ ಗಾದೆ ತಲೆಕೆಳಗಾಗುತ್ತೆ. ಅಲ್ಲಿ ನೋಟವೂ ತನ್ನಿಚ್ಛೆಯೇ. ಯಾರೂ ನೋಡಲ್ಲ ಅನ್ನೋದು ಕೊಳ್ಳದಿರಲು ಕಾರಣವಾ? ನನ್ನ ಪ್ರಕಾರ ಅಲ್ಲ. ಇದಕ್ಕೆ ಪುರಾವೆ ಅಮ್ಮನ ಹತ್ತಿರವೇ ಇದೆ.

ನಮ್ಮಲ್ಲಿ ದಸರೆಗೆ ಬೊಂಬೆ ಕೂರಿಸ್ತಾರೆ. ಅಜ್ಜಿ ಅಮ್ಮನ ಮದುವೆಗೆ ಕೊಟ್ಟ ಪಟ್ಟದ ಬೊಂಬೆ ಜೋಡಿಗೆ ಪ್ರತಿವರ್ಷ ಹೊಸ ಪೀತಾಂಬರ, ಹೊಸ ಸೀರೆ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಗೇಣುದ್ದದ ಜರಿ ಅಂಚಿಗೆ ಅಂಗಡಿ ಅಂಗಡಿ ಅಲೆದು, ಮನೆಯಲ್ಲಿ ಕೂತು ಹೊಲೀತಾರೆ. 2020ರಲ್ಲಿ ಕೊರೊನಾ. ಬೊಂಬೆ ಬಾಗಿನಕ್ಕೆ ಒಂದು ಮಗುವೂ ಮನೆಗೆ ಬರಲಿಲ್ಲ. ಆ ವರ್ಷವೂ ಅಮ್ಮ ಹೊಸ ಸೀರೆ ಹೊಲಿದು ಉಡಿಸಿದರು. ಯಾರಿಗೋಸ್ಕರ ಅಂತ ಆಗ ಯಾರೂ ಕೇಳಲಿಲ್ಲ.

ಬಿಟಿಎಂ ಲೇಔಟಿನ ಪಿ.ಜಿ.ಯಲ್ಲಿರೋ ನನ್ನ ಸಹೋದ್ಯೋಗಿ ಇದೇ ಮಾತನ್ನು ಬೇರೆ ಥರ ಹೇಳಿದಳು. ಇಬ್ಬರಿಗೊಂದು ರೂಮು, ಅವಳ ಪಾಲಿಗೆ ಬೀರುವಿನಲ್ಲಿ ಎರಡು ಖಾನೆ. ‘ನನ್ನ ಬಟ್ಟೆಗೆ ಜಾಗ ಇಲ್ಲ ಕಣೇ. ಆಟದಲ್ಲಿ ನನ್ನ ಹುಡುಗಿಗೆ ಮೂವತ್ತು ಡ್ರೆಸ್ ಇದೆ. ಭಾನುವಾರ ಒಂದು ಗಂಟೆ ಅದನ್ನೇ ಹಾಕಿ ತೆಗೆದು ಮಾಡ್ತೀನಿ. ಆ ಒಂದು ಗಂಟೆ ರೂಮು ದೊಡ್ಡದಾಗಿರುತ್ತೆ’ ಅಂದಳು. ಅವಳ ದುಡ್ಡು ದಂಡ ಅಂತ ನನಗೆ ಅನ್ನಿಸಲಿಲ್ಲ.

ಬನಶಂಕರಿಯ ಇನ್ನೊಬ್ಬ ಸಹೋದ್ಯೋಗಿಗೆ ಎರಡು ವರ್ಷದ ಮಗು. ವಾರಕ್ಕೆ ಎರಡು ಗಂಟೆ ಆಡಿದರೆ ಹೆಚ್ಚು. ಡಿಲಕ್ಸ್ ಆವೃತ್ತಿ ಕೊಂಡು, ಅದರ ಜೊತೆ ಬಂದ ನಾಲ್ಕು ಉಡುಪಿನಲ್ಲಿ ಮೂರನ್ನು ಇನ್ನೂ ತೆರೆದೇ ನೋಡಿಲ್ಲವಂತೆ. ಅವನ ವಿಷಯದಲ್ಲಿ ಉತ್ತರ ಬೇರೆ.

ಅಂದರೆ, ಈ ವಸ್ತು ಬೆಲೆಬಾಳುತ್ತಾ ಅಂತ ಕೇಳಿದರೆ ಎಲ್ಲರಿಗೂ ಒಂದೇ ಉತ್ತರ ಸಿಗಲ್ಲ. ನನ್ನ ಕಣ್ಣಿಗೆ ಇದು ಎಷ್ಟು ಹೊತ್ತು ಬೀಳುತ್ತೆ ಅಂತ ಕೇಳಿದರೆ ಲೆಕ್ಕ ಸಿಗುತ್ತೆ.

ಕೊಳ್ಳುವುದು ಬಣ್ಣವಾ, ಬಟ್ಟೆಯಾ?

ಈ ಕೆಲಸ ಎಲ್ಲೋ ದೂರದಲ್ಲಿ ನಡೆಯುತ್ತೆ ಅಂತ ತಿಳಿಯಬೇಡಿ. ಭಾರತದ ಮೊದಲ ಗೇಮ್ ಕಂಪನಿಗಳಲ್ಲಿ ಒಂದಾದ ಧ್ರುವ ಇಂಟರ್‌ಆಕ್ಟಿವ್ ಶುರುವಾಗಿದ್ದು ನಮ್ಮ ಬೆಂಗಳೂರಿನಲ್ಲೇ, 1997ರಲ್ಲಿ, ರಾಜೇಶ್ ರಾವ್ ಅವರಿಂದ. ‘ಫೋರ್ಜಾ’ ಸರಣಿಯ ಕಾರುಗಳೂ ಸೇರಿದಂತೆ ವಿದೇಶದ ದೊಡ್ಡ ಆಟಗಳಿಗೆ ಇಲ್ಲಿನ ಕಲಾವಿದರು ಕೆಲಸ ಮಾಡಿದರು. 2019ರಲ್ಲಿ ಆ ಕಂಪನಿಯನ್ನು ಸುಮಾರು 79 ಲಕ್ಷ ಡಾಲರ್‌ಗೆ ಕೊಂಡದ್ದು ‘ಜಿಟಿಎ’ ಖ್ಯಾತಿಯ ರಾಕ್‌ಸ್ಟಾರ್. ತನ್ನ ಬೆಂಗಳೂರು ಸ್ಟುಡಿಯೊ ಜೊತೆ ಸೇರಿಸಿಕೊಂಡಿತು. ಆಟದಲ್ಲಿ ನಾವು ನೋಡಿ ಮೆಚ್ಚುವ ಬಾಗಿಲು, ಬಂಡಿ, ಬಟ್ಟೆಗಳಲ್ಲಿ ಒಂದಿಷ್ಟು ನಮ್ಮ ಮೆಟ್ರೊದಲ್ಲೇ ಓಡಾಡುವ ಯಾರದೋ ಕೈಕೆಲಸ ಆಗಿರಬಹುದು.

ಒಂದು ಉಡುಪು ತಯಾರಾಗೋಕೆ ಹಲವು ಹಂತ ಇದೆ. ಮೊದಲು ಚಿತ್ರ. ಆಮೇಲೆ ಅದರ ಮೂರು ಆಯಾಮದ ಆಕಾರ. ಅದರ ಮೇಲೆ ಹೊದಿಸುವ ಬಣ್ಣ, ನೇಯ್ಗೆ, ಹೊಳಪು. ಇದಕ್ಕೆ ಟೆಕ್ಸ್ಚರ್ ಅಂತಾರೆ. ಪಾತ್ರ ಓಡಿದಾಗ, ಕೂತಾಗ ಬಟ್ಟೆ ಮೈಗೆ ಅಂಟಿಕೊಂಡು ಬರೋ ಹಾಗೆ ಒಳಗಿನ ಮೂಳೆ ಚೌಕಟ್ಟಿಗೆ ಜೋಡಿಸೋದು. ಕೊನೆಗೆ ಪರೀಕ್ಷೆ: ಬಿಲ್ಲು ಎತ್ತಿದಾಗ ತೋಳು ಬಟ್ಟೆಯನ್ನು ಸೀಳಿ ಹೊರಗೆ ಬರ್ತಿದೆಯಾ, ಕುದುರೆ ಹತ್ತಿದಾಗ ಅಂಗವಸ್ತ್ರ ಜೀನಿನೊಳಗೆ ಮುಳುಗ್ತಿದೆಯಾ ಅಂತ.

ಇಷ್ಟೂ ಕೆಲಸ ಆಗಿರೋ ಉಡುಪು ಒಂದು ಬಗೆ. ಇದ್ದ ಉಡುಪಿಗೇ ಬಣ್ಣ ಬದಲಿಸಿ, ಕೆಂಪಿದ್ದದ್ದನ್ನು ಕಪ್ಪು ಮಾಡಿ ಮಾರೋದು ಇನ್ನೊಂದು ಬಗೆ. ಅಂಗಡಿಯ ಚಿತ್ರದಲ್ಲಿ ಎರಡೂ ಒಂದೇ ಥರ ಮಿಂಚುತ್ತವೆ. ಆದ್ದರಿಂದ ಚಿತ್ರದಲ್ಲಿ ಬಣ್ಣ ನೋಡಬೇಡಿ, ಅಂಚು ನೋಡಿ. ಕಾಲರ್, ಭುಜ, ಸೊಂಟದ ಪಟ್ಟಿ, ಮೊಣಕಾಲು ಇವುಗಳ ಆಕಾರ ಆಟದೊಳಗೆ ಪುಕ್ಕಟೆ ಸಿಗುವ ಉಡುಪಿನ ಹಾಗೇ ಇದ್ದರೆ ನೀವು ಕೊಡ್ತಿರೋದು ಬಣ್ಣದ ಬೆಲೆ. ತಮ್ಮ ಮೆಚ್ಚಿದ ಉಡುಪನ್ನು ಹೀಗೆ ನೋಡಿದೆವು. ಉಡುಪು ಹೊಸದೇ. ಜೀನು ಮಾತ್ರ ಅವನ ಹತ್ತಿರ ಈಗಾಗಲೇ ಇದ್ದ ಜೀನಿನ ಬಣ್ಣ ಬದಲಾವಣೆ.

449 ರೂಪಾಯಿ ಎಲ್ಲಿಗೆ ಹೋಗುತ್ತೆ?

ಬೆಲೆಯಲ್ಲಿ ಶೇ 18 ಜಿಎಸ್‌ಟಿ ಸೇರಿದೆ ಅಂತ ಹಿಡಿದರೆ, 449ರಲ್ಲಿ ಸುಮಾರು 68 ರೂಪಾಯಿ ತೆರಿಗೆ. ಉಳಿದದ್ದು 381. ಸ್ಟೀಮ್‌ನಂಥ ಅಂಗಡಿ ಸಾಮಾನ್ಯವಾಗಿ ಇದರಲ್ಲಿ ಶೇ 30 ಇಟ್ಟುಕೊಳ್ಳುತ್ತೆ, ಅಂದರೆ 114. (ತುಂಬಾ ದೊಡ್ಡ ಮೊತ್ತಕ್ಕೆ ಮಾರಾಟವಾದ ಆಟಗಳಿಗೆ 2018ರಿಂದ ಈ ಪಾಲನ್ನು ಶೇ 25, ಆಮೇಲೆ 20ಕ್ಕೆ ಇಳಿಸುತ್ತಾರೆ.) ಮಿಕ್ಕ 267 ರೂಪಾಯಿ ಆಟದ ಕಂಪನಿಗೆ. ಬಟ್ಟೆ ರಚಿಸಿದ ಕಲಾವಿದರಿಗೆ ಸಾಮಾನ್ಯವಾಗಿ ತಿಂಗಳ ಸಂಬಳ. ಉಡುಪು ಹತ್ತು ಮಾರಾಟವಾದರೂ ಹತ್ತು ಲಕ್ಷ ಮಾರಾಟವಾದರೂ ಆ ತಿಂಗಳ ಸಂಬಳ ಅಷ್ಟೇ. ‘ಕಲಾವಿದರಿಗೆ ನೆರವಾಗಲಿ ಅಂತ ಕೊಂಡೆ’ ಅನ್ನೋ ಸಮಾಧಾನ ಸಣ್ಣ ತಂಡಗಳ ಆಟಕ್ಕೆ ಸಲ್ಲುತ್ತೆ, ದೊಡ್ಡ ಕಂಪನಿಗೆ ಅಷ್ಟಾಗಿ ಸಲ್ಲಲ್ಲ.

ಇನ್ನೊಂದು ತಂತ್ರ ಗಮನಿಸಿ. ಕೆಲವು ಆಟಗಳಲ್ಲಿ ನೇರ ರೂಪಾಯಿಗೆ ಉಡುಪು ಕೊಡಲ್ಲ. ಮೊದಲು ಅವರ ಪಾಯಿಂಟ್ ಕೊಳ್ಳಬೇಕು. ‘ಅಸಾಸಿನ್ಸ್ ಕ್ರೀಡ್’ ಸರಣಿಯ ಹೀಲಿಕ್ಸ್ ಕ್ರೆಡಿಟ್ ಹೀಗೇ. ಆ ಕುದುರೆ ಕವಚವನ್ನೂ 2006ರಲ್ಲಿ 200 ಮೈಕ್ರೊಸಾಫ್ಟ್ ಪಾಯಿಂಟಿಗೆ ಮಾರಿದ್ದರು. ಪಾಯಿಂಟು ಬರೋದು ಕಟ್ಟು ಕಟ್ಟಾಗಿ. ಉಡುಪು ಕೊಂಡಮೇಲೆ ಸ್ವಲ್ಪ ಮಿಗುತ್ತೆ, ಮಿಕ್ಕಿದ್ದಕ್ಕೆ ಏನೂ ಬರಲ್ಲ. ‘ಚಿಲ್ಲರೆ ಇಲ್ಲ, ಚಾಕೊಲೇಟ್ ತಗೊಳ್ಳಿ’ ಅಂತಾರಲ್ಲ ಅಂಗಡಿಯವರು, ಹಾಗೆ. ಆದ್ದರಿಂದ ಪಾಯಿಂಟಿನ ಲೆಕ್ಕ ಬೇಡ. ಆ ಉಡುಪಿಗೆ ಬೇಕಾದ ಅತಿ ಸಣ್ಣ ಕಟ್ಟಿಗೆ ಎಷ್ಟು ರೂಪಾಯಿ ಆಗುತ್ತೋ ಅದೇ ಅದರ ನಿಜವಾದ ಬೆಲೆ.

ಕೊಳ್ಳೋ ಮೊದಲು ಐದು ಪ್ರಶ್ನೆ

ಎಲ್ಲಾ ಅಳೆದು ತೂಗಿ ನಾವು ಐದು ಪ್ರಶ್ನೆ ಬರೆದುಕೊಂಡೆವು.

1. ಇನ್ನೆಷ್ಟು ಗಂಟೆ ಆಟ ಉಳಿದಿದೆ? ನಲವತ್ತು ಗಂಟೆ ಉಳಿದಿದ್ದರೆ 449 ರೂಪಾಯಿ ಅಂದರೆ ಗಂಟೆಗೆ ಹನ್ನೊಂದು ರೂಪಾಯಿ ಚಿಲ್ಲರೆ. ಬೈಟು ಕಾಫಿಗಿಂತ ಕಡಿಮೆ. ಆರೇ ಗಂಟೆ ಉಳಿದಿದ್ದರೆ ಗಂಟೆಗೆ ಎಪ್ಪತ್ತೈದು. ಉಡುಪು ಅದೇ, ಕೊಳ್ಳೋ ಹೊತ್ತು ಬೇರೆ. ಉಡುಪಿನ ಆಸೆ ಹೆಚ್ಚಾಗೋದು ಆಟ ತುಂಬಾ ಇಷ್ಟವಾದಾಗ, ಅಂದರೆ ಮುಗಿಯೋ ಹೊತ್ತಿಗೆ! ಲೆಕ್ಕ ತಪ್ಪೋದು ಅಲ್ಲೇ.

2. ಉಡುಪು ಕಣ್ಣಿಗೆ ಬೀಳುತ್ತಾ? ಪಾತ್ರದ ಬೆನ್ನ ಹಿಂದಿನಿಂದ ನೋಡುತ್ತಾ ಆಡೋ ಆಟವಾದರೆ ಬೀಳುತ್ತೆ. ‘ಸೈಬರ್‌ಪಂಕ್ 2077’ ಥರ ಪಾತ್ರದ ಕಣ್ಣಿನಿಂದಲೇ ಜಗತ್ತು ನೋಡೋ ಆಟದಲ್ಲಿ ನಮ್ಮ ಬಟ್ಟೆ ನಮಗೆ ಕಾಣೋದು ಕನ್ನಡಿ ಮುಂದೆ, ಬೈಕ್ ಮೇಲೆ, ಫೋಟೊ ತೆಗೆದಾಗ.

3. ಶಕ್ತಿಗೂ ನೋಟಕ್ಕೂ ಗಂಟು ಹಾಕಿದ್ದಾರಾ? ಹಲವು ಆಟಗಳಲ್ಲಿ ಮುಂದೆ ಹೋದಂತೆ ಹೆಚ್ಚು ರಕ್ಷಣೆ ಕೊಡೋ ಕವಚ ಸಿಗುತ್ತೆ. ಅದನ್ನು ತೊಡಬೇಕಾದರೆ ಕೊಂಡ ಚಂದದ ಉಡುಪು ಪೆಟ್ಟಿಗೆ ಸೇರುತ್ತೆ. ಕವಚದ ಶಕ್ತಿ ಉಳಿಸಿಕೊಂಡು ನೋಟ ಮಾತ್ರ ಬದಲಿಸುವ ಸೌಲಭ್ಯ ಇದೆಯಾ ನೋಡಿ. ಸೈಬರ್‌ಪಂಕ್‌ಗೆ 2022ರಲ್ಲಿ ಈ ಸೌಲಭ್ಯ ಪುಕ್ಕಟೆ ಅಪ್‌ಡೇಟ್ ಆಗಿ ಬಂತು.

4. ಪುಕ್ಕಟೆ ಸಿಗುತ್ತಾ? ‘ವಿಚರ್ 3’ ಆಟಕ್ಕೆ 2015ರಲ್ಲಿ 16 ಸಣ್ಣ ಸೇರ್ಪಡೆಗಳನ್ನು ಪುಕ್ಕಟೆ ಕೊಟ್ಟರು. ಅದರಲ್ಲಿ ಪಾತ್ರಗಳ ಹೊಸ ಉಡುಪು, ನಾಯಕನಿಗೆ ಹೊಸ ಗಡ್ಡ, ಕೇಶಶೈಲಿ ಎಲ್ಲಾ ಇತ್ತು. ದುಡ್ಡು ಕೇಳಿದ್ದು ಆಮೇಲೆ ಬಂದ ಎರಡು ದೊಡ್ಡ ಕಥೆಗಳಿಗೆ. 2018ರ ‘ಸ್ಪೈಡರ್‌ಮ್ಯಾನ್’ ಆಟದಲ್ಲಿ ಆಡುತ್ತಾ ಹೋದಂತೆ ಹತ್ತಾರು ಪೋಷಾಕು ಸಿಗುತ್ತೆ. ಹೀಗೆ ದುಡಿದು ಪಡೆದ ಪೋಷಾಕಿನ ಖುಷಿ, ಕೊಂಡದ್ದರಲ್ಲಿ ಬರಲ್ಲ ಅಂತ ತಮ್ಮನೇ ಹೇಳ್ತಾನೆ. ಕಂಪ್ಯೂಟರಿನಲ್ಲಿ ಆಡುವವರಿಗೆ ಇನ್ನೊಂದು ದಾರಿ ಇದೆ: ಅಭಿಮಾನಿಗಳೇ ಮಾಡಿ ಹಂಚುವ ಮಾಡ್‌ಗಳು. 2015ರ ಏಪ್ರಿಲ್‌ನಲ್ಲಿ ಸ್ಟೀಮ್ ‘ಸ್ಕೈರಿಮ್’ ಆಟದ ಮಾಡ್‌ಗಳನ್ನು ದುಡ್ಡಿಗೆ ಮಾರಲು ಹೊರಟಾಗ ಆಟಗಾರರು ಎಷ್ಟು ರೊಚ್ಚಿಗೆದ್ದರು ಅಂದರೆ, ಒಂದು ವಾರದೊಳಗೆ ಹಿಂತೆಗೆದುಕೊಳ್ಳಬೇಕಾಯಿತು. ಪಿ.ಜಿ. ಗೆಳತಿಯ ಮೂವತ್ತು ಡ್ರೆಸ್‌ಗಳಲ್ಲಿ ಇಪ್ಪತ್ತೆಂಟು ಹೀಗೆ ಬಂದವು. ಆಟದ ನಿಯಮ ಅದಕ್ಕೆ ಒಪ್ಪುತ್ತಾ ಅಂತ ಮಾತ್ರ ನೋಡಿಕೊಳ್ಳಬೇಕು.

5. ಕಾಯಬಹುದಾ? ಅಂಗಡಿ ಓಡಿಹೋಗಲ್ಲ. ಸ್ಟೀಮ್‌ನಲ್ಲಿ ವರ್ಷಕ್ಕೆ ನಾಲ್ಕು ಋತುಗಳ ದೊಡ್ಡ ಸೇಲ್ ನಡೆಯುತ್ತೆ. ವಿಶ್‌ಲಿಸ್ಟಿನಲ್ಲಿ ಹಾಕಿಟ್ಟರೆ ಬೆಲೆ ಇಳಿದಾಗ ಮೇಲ್ ಬರುತ್ತೆ. ಎಲ್ಲಾ ಸೇರ್ಪಡೆ ಸೇರಿದ ಪೂರ್ಣ ಆವೃತ್ತಿ ಒಂದೆರಡು ವರ್ಷದಲ್ಲಿ ಬರೋದು ಎಷ್ಟೋ ಆಟಗಳಲ್ಲಿ ರೂಢಿ. ಕಾಯುವಾಗ ಆಸೆ ಆರಿಹೋದರೆ ಅದೇ ಉತ್ತರ.

ಒಂದು ವ್ಯತ್ಯಾಸ ಇಲ್ಲೇ ಹೇಳಿಬಿಡ್ತೀನಿ. ನೋಟಕ್ಕೆ ದುಡ್ಡು ಕೇಳೋದು ಬೇರೆ, ಆಟ ಬೇಗ ಸಾಗಲಿ ಅಂತ ದುಡ್ಡು ಕೇಳೋದು ಬೇರೆ. ‘ಅಸಾಸಿನ್ಸ್ ಕ್ರೀಡ್ ಒಡಿಸ್ಸಿ’ಯಲ್ಲಿ ಅನುಭವದ ಅಂಕ ಬೇಗ ಏರಿಸೋ ಬೂಸ್ಟರ್ ಮಾರಿದ್ದರು. 2024ರ ಮಾರ್ಚ್‌ನಲ್ಲಿ ‘ಡ್ರ್ಯಾಗನ್ಸ್ ಡಾಗ್ಮಾ 2’ ಬಂದಾಗ, ಪಾತ್ರದ ಮುಖ ಬದಲಿಸಲು ಬೇಕಾದ ವಸ್ತುವೂ ದುಡ್ಡಿನ ಪಟ್ಟಿಯಲ್ಲಿ ಇದ್ದದ್ದು ಕಂಡು ಜನ ಸಿಟ್ಟಾದರು; ಅದು ಆಟದೊಳಗೂ ಸಿಗುತ್ತಿತ್ತು ಅನ್ನೋದು ಬೇರೆ ಮಾತು. ಬೇಗ ಮುಗಿಸೋಕೆ ದುಡ್ಡು ಕೊಡಬೇಕು ಅನ್ನಿಸೋ ಆಟ ಅಷ್ಟರಮಟ್ಟಿಗೆ ಬೇಸರದ ಆಟ ಅಂತಲೇ ಅರ್ಥ. ಅದಕ್ಕೆ ದುಡ್ಡು ಕೊಡಬೇಡಿ, ಬೇರೆ ಆಟ ಆಡಿ.

ಕೊಂಡದ್ದು ನಮ್ಮದಾ?

ಬೊಂಬೆಯ ಸೀರೆ ಪೆಟ್ಟಿಗೆಯಲ್ಲಿ ಅಜ್ಜಿ ಕಾಲದ ರೇಷ್ಮೆ ತುಂಡು ಇನ್ನೂ ಇದೆ. ಆಟದ ಉಡುಪಿಗೆ ಆ ಗ್ಯಾರಂಟಿ ಇಲ್ಲ. ನಾವು ಕೊಳ್ಳೋದು ವಸ್ತುವನ್ನಲ್ಲ, ಬಳಸೋ ಪರವಾನಗಿಯನ್ನು. ಇದನ್ನು ಗ್ರಾಹಕರಿಗೆ ಸ್ಪಷ್ಟವಾಗಿ ಹೇಳಬೇಕು ಅಂತ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2024ರಲ್ಲಿ ಕಾನೂನು ಮಾಡಿತು, 2025ರ ಜನವರಿಯಿಂದ ಜಾರಿ. ಅದಕ್ಕೂ ಮೊದಲೇ ಸ್ಟೀಮ್ ತನ್ನ ಕಾರ್ಟ್ ಪುಟದಲ್ಲಿ ಆ ಸಾಲು ಸೇರಿಸಿತು.

2022ರಲ್ಲಿ ಯೂಬಿಸಾಫ್ಟ್ ತನ್ನ ಹಲವು ಹಳೆಯ ಆಟಗಳ ಆನ್‌ಲೈನ್ ಸೇವೆ ನಿಲ್ಲಿಸುವುದಾಗಿ ಪ್ರಕಟಿಸಿದಾಗ, ಕೆಲವು ಆಟಗಳ ಸೇರ್ಪಡೆಗಳೂ ಇನ್ನು ಸಿಗಲ್ಲ ಅಂತ ಆ ಪ್ರಕಟಣೆಯಲ್ಲಿ ಇತ್ತು. ಒಬ್ಬರೇ ಆಡುವ ಆಟವಾದರೂ ಕೊಂಡ ಉಡುಪಿನ ಬೀಗದ ಕೈ ಕಂಪನಿಯ ಸರ್ವರಿನಲ್ಲಿ ಇರಬಹುದು ಅನ್ನೋದು ನೆನಪಿರಲಿ. ಆಸ್ತಿ ಅಂತ ಕೊಂಡರೆ ನಿರಾಸೆ. ಸಿನಿಮಾ ಟಿಕೆಟ್ ಥರ, ನೋಡಿದಷ್ಟು ಹೊತ್ತು ನಮ್ಮದು ಅಂತ ಕೊಂಡರೆ ತೊಂದರೆ ಇಲ್ಲ.

ವಾಪಸು ಕೊಡೋ ದಾರಿಯೂ ತಿಳಿದಿರಲಿ. ಸ್ಟೀಮ್ ಅಂಗಡಿಯಲ್ಲಿ ಕೊಂಡ ಸೇರ್ಪಡೆಯನ್ನು 14 ದಿನದೊಳಗೆ, ಕೊಂಡಮೇಲೆ ಮೂಲ ಆಟವನ್ನು ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಸಾಮಾನ್ಯವಾಗಿ ಹಿಂತಿರುಗಿಸಬಹುದು. ಅದು ಬಳಸಿ ಮುಗಿಯುವ ವಸ್ತು ಆಗಿರಬಾರದು. ಆದರೆ ಆಟದ ಒಳಗಿನ ಅಂಗಡಿಯಲ್ಲಿ ಪಾಯಿಂಟ್ ಕೊಟ್ಟು ಕೊಂಡದ್ದಕ್ಕೆ ಈ ಅನುಕೂಲ ಇರುತ್ತೆ ಅಂತ ನಂಬಿ ಕೂರಬೇಡಿ. ಪ್ಲೇಸ್ಟೇಷನ್ ಅಂಗಡಿಯಲ್ಲಿ 14 ದಿನದ ಅವಕಾಶ ಇದ್ದರೂ ಡೌನ್‌ಲೋಡ್ ಶುರು ಮಾಡಿದರೆ ಅದು ಕೈತಪ್ಪುತ್ತೆ.

ನಾವು ಮಾಡಿದ್ದು

ಐದು ಪ್ರಶ್ನೆ ಇಟ್ಟುಕೊಂಡು ತಮ್ಮನ ಜೊತೆ ಕೂತೆ. ಮೊದಲನೇ ಪ್ರಶ್ನೆಗೇ ಅವನು ನಕ್ಕ. ಕಥೆ ಮುಗಿಯೋಕೆ ನಾಲ್ಕೈದು ರಾತ್ರಿ ಸಾಕಿತ್ತು. ಜೀನು ಬರೀ ಬಣ್ಣ. ‘ಬೇಡ ಬಿಡು ಅಕ್ಕ’ ಅಂದ. ಈ ಸಲದ ‘ಬೇಡ’ ಮಾತ್ರ ಮೊದಲಿನ ಮೌನದ ಹಾಗಿರಲಿಲ್ಲ. ಲೆಕ್ಕ ಹಾಕಿ ಹೇಳಿದ ಬೇಡ ಅದು.

ಉಡುಪಿನ ಪ್ರಶ್ನೆ ಅಲ್ಲಿಗೆ ಮುಗಿಯಿತು. ಕೇಳುವವನ ಪ್ರಶ್ನೆ ಮುಗಿದಿರಲಿಲ್ಲ. ಮುಂದಿನ ತಿಂಗಳ ಒಂದನೇ ತಾರೀಕು ಅಮ್ಮನ ಖರ್ಚಿನ ಪುಸ್ತಕದಲ್ಲಿ ಹೊಸ ಕಲಮು ಹಾಕಿಸಿದೆ: ‘ಸ್ವಂತಕ್ಕೆ’. ಮೂವರಿಗೂ ತಲಾ 500 ರೂಪಾಯಿ. ಸಂಬಳ ಇದ್ದವರಿಗೆ, ಪಿಂಚಣಿ ಇದ್ದವರಿಗೆ, ಏನೂ ಇಲ್ಲದವರಿಗೆ, ಎಲ್ಲರಿಗೂ ಒಂದೇ. ಏನು ಕೊಂಡೆ ಅಂತ ಯಾರೂ ಕೇಳೋ ಹಾಗಿಲ್ಲ. ಖರ್ಚಾಗದಿದ್ದರೆ ಮುಂದಿನ ತಿಂಗಳಿಗೆ ಸೇರುತ್ತೆ. ಈ 1,500 ರೂಪಾಯಿಗೆ ಜಾಗ ಮಾಡೋಕೆ ನಾವು ನೋಡದ ಒಂದು ಓಟಿಟಿ ಚಂದಾ ನಿಲ್ಲಿಸಿದೆವು, ತಿಂಗಳಿಗೆ ಎರಡು ಸಲದ ಸ್ವಿಗ್ಗಿ ಊಟ ಬಿಟ್ಟೆವು.

‘ನಂಗ್ಯಾಕೆ ಐನೂರು? ನಂಗೇನು ಖರ್ಚು ಇದೆ?’ ಅಂದ ಅಮ್ಮ, ಮೊದಲ ವಾರವೇ ನಾಲ್ಕನೇ ಬ್ಲಾಕಿಗೆ ಹೋಗಿ ಬಂದರು. ಕೈಯಲ್ಲಿ ಸಣ್ಣ ಪೊಟ್ಟಣ. ತಮ್ಮ ಏನದು ಅಂತ ಕೇಳೋಕೆ ಹೋಗಿ, ನಾಲಿಗೆ ಕಚ್ಚಿಕೊಂಡ. ಅಮ್ಮ ನಕ್ಕರು. ಜುಟ್ಟಿನ ಮಲ್ಲಿಗೆಯ ಮಾತು ಆಮೇಲೆ ನಮ್ಮ ಮನೆಯಲ್ಲಿ ಕೇಳಿಲ್ಲ.

ತಮ್ಮ ಎರಡು ತಿಂಗಳು ಏನೂ ಕೊಳ್ಳಲಿಲ್ಲ. ಮೂರನೇ ತಿಂಗಳು ಹೊಸದಾಗಿ ಶುರು ಮಾಡಿದ, ಐವತ್ತು ಗಂಟೆಯಾದರೂ ಹಿಡಿಯೋ ಒಂದು ಆಟಕ್ಕೆ, ಸೇಲ್‌ನಲ್ಲಿ, ನಾಯಕಿಯ ಒಂದು ಪೋಷಾಕು ಕೊಂಡ. ಅದೂ ಮೊದಲ ಅಧ್ಯಾಯದಲ್ಲೇ. ಎಷ್ಟಾಯಿತು ಅಂತ ನಾನು ಕೇಳಿಲ್ಲ. ಕೆಲಸ ಇನ್ನೂ ಸಿಕ್ಕಿಲ್ಲ. ಎರಡು ಕಡೆ ಕೊನೆಯ ಸುತ್ತಿನವರೆಗೆ ಹೋಗಿದ್ದಾನೆ.

ನನ್ನ ಅಭಿಪ್ರಾಯ ಇಷ್ಟು. ಆಟ ಮೆಚ್ಚಿದ್ದು ಖಚಿತವಾಗಿದ್ದು ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿದ್ದರೆ, ಉಡುಪು ಕಣ್ಣಿಗೆ ಕಾಣೋ ಹಾಗಿದ್ದರೆ, ಬರೀ ಬಣ್ಣ ಬದಲಾವಣೆ ಅಲ್ಲದಿದ್ದರೆ, ದುಡ್ಡು ‘ಸ್ವಂತಕ್ಕೆ’ ಅನ್ನೋ ಕಲಮಿನಿಂದ ಬರುವುದಾದರೆ ಧಾರಾಳವಾಗಿ ಕೊಳ್ಳಿ. ಯಾರಿಗೂ ಸಮಜಾಯಿಷಿ ಕೊಡಬೇಕಾಗಿಲ್ಲ. ಆಟ ಬಿಡುಗಡೆಗೆ ಮೊದಲೇ ಬುಕ್ ಮಾಡಿದರೆ ಸಿಗುವ ಉಡುಪು, ಡಿಲಕ್ಸ್ ಆವೃತ್ತಿಗೆ ಕಟ್ಟಿ ಕೊಡುವ ಉಡುಪು, ಪಾಯಿಂಟ್ ಕಟ್ಟಿನ ಉಡುಪು, ಈ ಮೂರನ್ನು ಬಿಡಿ. ಆಟ ಹೇಗಿದೆ ಅಂತ ಗೊತ್ತಾಗೋ ಮೊದಲೇ ಅದರ ಅಲಂಕಾರಕ್ಕೆ ದುಡ್ಡು ಕೊಡೋದು, ಹುಡುಗಿ ನೋಡೋ ಶಾಸ್ತ್ರಕ್ಕೆ ಮುಂಚೆ ಛತ್ರ ಬುಕ್ ಮಾಡಿದ ಹಾಗೆ.

ಮತ್ತೆ, ಮನೆಯಲ್ಲಿ ದುಡಿಮೆ ಇಲ್ಲದೆ ಕೂತವರು ಯಾರಾದರೂ ಇದ್ದರೆ, ಅವರು ಕೇಳೋ ಮೊದಲೇ ಅವರ ಹೆಸರಿನಲ್ಲಿ ಸಣ್ಣದೊಂದು ಮೊತ್ತ ತೆಗೆದಿಡಿ. 200 ಆದರೂ ಸಾಕು. ಅದರಲ್ಲಿ ಅವರು ಆಟದ ಕುದುರೆಗೆ ಕವಚ ಕೊಳ್ಳಲಿ, ಕಡಲೆಕಾಯಿ ಕೊಳ್ಳಲಿ, ನೀವು ಕೇಳಬೇಡಿ.